ಭಿನ್ನಾಭಿಪ್ರಾಯವೂ ಸಭಾಮರ್ಯಾದೆಯೂ

ಈ ವರ್ಷದ ಶ್ರಾವಣಮಾಸದಲ್ಲಿ ನಮ್ಮ ಶಾಲೆಯ ಚರ್ಚಾಕೂಟದವರು ಒಂದು ವಿಷಯವನ್ನು ಎತ್ತಿಕೊಂಡಿದ್ದರು: ಹೈದರಾಬಾದಿನಲ್ಲಿ ನೆಲಸಿದ ಕನ್ನಡಿಗರ ಮಕ್ಕಳಿಗೆ ಹತ್ತನೆಯ ತರಗತಿಯವರೆಗೂ ಕನ್ನಡವೇ ಶಿಕ್ಷಣಮಾಧ್ಯಮವಾಗಿರಬೇಕೆ, ಬೇಡವೆ? ನಮ್ಮಂಥ ಶಾಲೆಗೆ ಇದು ಬಾಯಿಚಪಲಕ್ಕೆ ಆಡುವ ಮಾತಲ್ಲ. ಅಳಿವು ಉಳಿವಿನ ಪ್ರಶ್ನೆ. ವಿರುದ್ಧ ಪಕ್ಷದಲ್ಲಿ ನಿಂತ ಒಂಬತ್ತನೆಯ ತರಗತಿಯ ಹುಡುಗನೊಬ್ಬನು, ತನ್ನ ಅಣ್ಣನು ಕಾಲೇಜಿಗೆ ಸೇರಿದ ಮೊದಲ ವರ್ಷ ಇಂಗ್ಲಿಷಿನ ಪಾಠ ತಿಳಿಯದೆ ಪಟ್ಟ ಪಾಡನ್ನು ಹೇಳತೊಡಗಿದನು. ಮಾತು ಅರ್ಧಕ್ಕೆ ಬಂದಿರುವಾಗಲೇ ಎದುರುಪಕ್ಷದ ಭಾಷಣಕಾರನು ಎದ್ದು ನಿಂತು "ಮಾತೃದ್ರೋಹಿ!" ಎಂದನು. ಸಭೆಯು ಚಪ್ಪಾಳೆ ತಟ್ಟಿತು. ಮುಚ್ಚುಮರೆಯೇಕೆ, ಹಿಂದಿನ ಸಾಲಿನಲ್ಲಿ ಕುಳಿತಿದ್ದ ಉಪಾಧ್ಯಾಯರಾದ ನಾವೂ ತಟ್ಟಿದೆವು. ಹುಡುಗನು ಕೈಯಲ್ಲಿದ್ದ ಚೀಟಿಯನ್ನು ಮಡಚಿಕೊಂಡು ಕುಳಿತುಬಿಟ್ಟನು. ಅನಂತರ ಎರಡು ತಿಂಗಳು ಚರ್ಚಾಕೂಟದ ಕಡೆಗೆ ಸುಳಿಯಲಿಲ್ಲ.

ಅಂದು ಸಂಜೆ ನಮಗೆ ಹೊಳೆದ ಸಂಗತಿಯೆಂದರೆ, ಆ ಚರ್ಚೆಯಲ್ಲಿ ಗೆದ್ದವರು ಯಾರೂ ಇರಲಿಲ್ಲವೆಂಬುದು. ಅವನ ಪ್ರಶ್ನೆಗೆ ಕನ್ನಡದ ಪರವಾಗಿ ಹೇಳಬಹುದಾದ ಒಳ್ಳೆಯ ಉತ್ತರವೊಂದು ಇದ್ದೇ ಇತ್ತು. ಪ್ರಶ್ನೆಯನ್ನೇ ಪೂರ್ತಿಯಾಗಿ ಕೇಳಗೊಡದೆ ಹೋದುದರಿಂದ ಆ ಉತ್ತರವೂ ಹೊರಬರಲಿಲ್ಲ. ಭಿನ್ನಾಭಿಪ್ರಾಯವನ್ನು ಮರ್ಯಾದೆಯಿಂದ ಹೇಳುವುದು ಹೇಗೆ, ಅದಕ್ಕಿಂತಲೂ ಕಠಿನವಾದ ಮರ್ಯಾದೆಯಿಂದ ಕೇಳುವುದು ಹೇಗೆ ಎಂಬುದನ್ನು ಇಲ್ಲಿ ಕೊಂಚ ವಿಚಾರಿಸಲು ಹೊರಟಿದ್ದೇವೆ.

ಮೊದಲು ಶಾಸನಸಭೆಗಳ ನಿಯಮಗಳನ್ನು ನೋಡೋಣ. ಅಲ್ಲಿ ಮಾತನಾಡುವ ಸದಸ್ಯನು ತನ್ನ ವಿರೋಧಿಯನ್ನು ಕುರಿತು ನೇರವಾಗಿ ಮಾತನಾಡುವಂತಿಲ್ಲ. ಅಧ್ಯಕ್ಷರನ್ನು ಉದ್ದೇಶಿಸಿಯೇ ಮಾತನಾಡಬೇಕು. ಇದೇನು ವೃಥಾ ಸುತ್ತುಬಳಸು ಎಂದು ತೋರಬಹುದು. ಆದರೆ "ನೀನು ಸುಳ್ಳುಗಾರ" ಎಂದು ಮುಖಕ್ಕೆ ಮುಖ ಕೊಟ್ಟು ಹೇಳುವುದು ಸುಲಭ. "ಅಧ್ಯಕ್ಷರೇ, ಮಾನ್ಯ ಸದಸ್ಯರು ಕೊಟ್ಟ ಲೆಕ್ಕವು ಸರಿಯಲ್ಲ" ಎನ್ನುವಷ್ಟರಲ್ಲಿ ಕೋಪವು ಒಂದು ಮೆಟ್ಟಿಲು ಇಳಿದಿರುತ್ತದೆ. ಮಾತನಾಡುತ್ತಿರುವ ಸದಸ್ಯನಿಗೂ ಅಧ್ಯಕ್ಷಪೀಠಕ್ಕೂ ನಡುವೆ ಯಾರೂ ಹಾದುಹೋಗಬಾರದು. ಅಸಭ್ಯವಾದ ಮಾತನ್ನು ಕಡತದಿಂದ ತೆಗೆದುಹಾಕಿಸುವ ಅಧಿಕಾರವು ಅಧ್ಯಕ್ಷರಿಗುಂಟು. ಇವೆಲ್ಲಕ್ಕಿಂತ ನಮ್ಮ ಮನಸ್ಸಿಗೆ ಹಿಡಿಸಿದ ಸಂಪ್ರದಾಯವು ಇನ್ನೊಂದು: ಮತ್ತೊಬ್ಬರನ್ನು ಟೀಕಿಸಿದವನು ತನ್ನ ಮಾತು ಮುಗಿಯಿತೆಂದು ಎದ್ದುಹೋಗಕೂಡದು, ಉತ್ತರ ಬರುವವರೆಗೂ ಕುಳಿತು ಕೇಳತಕ್ಕದ್ದು.

ಲೋಕಸಭೆಯಲ್ಲಿ ಖಂಡನೆಗೂ ಅಳತೆಯುಂಟು. ಸರಕಾರವು ಯಾವುದೋ ಇಲಾಖೆಗೆ ಹಣ ಕೇಳಿದಾಗ, ಒಂದು ನಿರ್ದಿಷ್ಟವಾದ ಕುಂದುಕೊರತೆಯನ್ನು ಎತ್ತಿ ಹೇಳಬೇಕೆನ್ನುವ ಸದಸ್ಯನು ಆ ಮೊತ್ತದಲ್ಲಿ 100 ರೂಪಾಯಿ ಕಡಿಮೆ ಮಾಡಬೇಕೆಂದು ಸೂಚನೆ ತರುತ್ತಾನೆ. ಇಲಾಖೆಯ ನೀತಿಯನ್ನೇ ಒಪ್ಪದವನು ಇಡೀ ಮೊತ್ತವನ್ನು 1 ರೂಪಾಯಿಗೆ ಇಳಿಸಬೇಕೆಂದು ಕೇಳುತ್ತಾನೆ. ನೂರು ರೂಪಾಯಿಯಿಂದ ಯಾವ ಇಲಾಖೆಯೂ ಬಡವಾಗದು. ಆದರೆ ವಿರೋಧವು ಎಷ್ಟು ದೂರದ್ದು, ಯಾವ ಬಗೆಯದು ಎಂಬುದು ಬೈಗುಳವಿಲ್ಲದೆ ಎಲ್ಲರಿಗೂ ತಿಳಿಯುತ್ತದೆ.

ಇವೆಲ್ಲ ಪುಸ್ತಕದ ನಿಯಮಗಳು, ನಿಜಜೀವನದಲ್ಲಿ ನಡೆಯುವವೇ ಎಂದು ಕೇಳುವವರಿದ್ದಾರೆ. ಪರದೆಯ ಮೇಲೆ ದಿನಾಲೂ ಕಾಣುವ ಕೂಗಾಟವನ್ನು ನೋಡಿದರೆ ಆ ಸಂಶಯವು ತಪ್ಪೆನ್ನಲಾಗದು. ಹೀಗಿರಲು ನಮ್ಮ ಊರಿನ ಕಥೆಯನ್ನೇ ಹೇಳುವುದು ಲೇಸು.

ಹಳೆಯ ಹೈದರಾಬಾದು ಸಂಸ್ಥಾನದ ತೆಲುಗರಿಗೆ ಆಂಧ್ರ ಮಹಾಸಭೆ ಎಂಬ ಸಂಸ್ಥೆಯೊಂದಿತ್ತು. ಬೂರ್ಗುಲ ರಾಮಕೃಷ್ಣರಾಯರೂ ಕೆ. ವಿ. ರಂಗಾರೆಡ್ಡಿಯವರೂ ರಾವಿ ನಾರಾಯಣರೆಡ್ಡಿಯವರೂ ಅದರಲ್ಲಿ ಒಟ್ಟಿಗೆ ದುಡಿದವರು. 1944ರಲ್ಲಿ ಭುವನಗಿರಿಯಲ್ಲಿ ನಡೆದ ಅಧಿವೇಶನದಲ್ಲಿ ಸಂಸ್ಥೆಯು ಒಡೆಯಿತು. ನಾರಾಯಣರೆಡ್ಡಿಯವರ ನಾಯಕತ್ವದಲ್ಲಿ ಎಡಪಂಥದವರು ಅದನ್ನು ವಶಪಡಿಸಿಕೊಂಡರು; ಉಳಿದವರು ಹೊರಬಂದರು. ಬಳಿಕ ತೆಲಂಗಾಣದ ರೈತರ ಸಶಸ್ತ್ರ ಹೋರಾಟ, 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆ, ಭಾರತದ ಸೈನ್ಯಕ್ಕೂ ಗೆರಿಲ್ಲಾ ದಳಗಳಿಗೂ ಕಾದಾಟ. ಹಳ್ಳಿಹಳ್ಳಿಯಲ್ಲಿ ರಕ್ತ ಹರಿಯಿತು. 1951ರ ಅಕ್ಟೋಬರಿನಲ್ಲಿ ಕಮ್ಯೂನಿಸ್ಟರು ಶಸ್ತ್ರಗಳನ್ನು ಕೆಳಗಿಟ್ಟರು.

ಅದಾಗಿ ಕೆಲವೇ ತಿಂಗಳುಗಳಲ್ಲಿ, 1952ರ ಮೊದಲ ಚುನಾವಣೆಯಲ್ಲಿ, ಸಂಸ್ಥಾನದ 175 ಸ್ಥಾನಗಳ ಪೈಕಿ ಕಾಂಗ್ರೆಸ್ಸಿಗೆ 93 ದೊರೆತವು. ಕಮ್ಯೂನಿಸ್ಟ್ ಪಕ್ಷದ ಮೇಲೆ ಇಲ್ಲಿ ನಿಷೇಧವಿದ್ದುದರಿಂದ ಅದರವರು ಪೀಪಲ್ಸ್ ಡೆಮಾಕ್ರಟಿಕ್ ಫ್ರಂಟ್ ಎಂಬ ಹೆಸರಿನಲ್ಲಿ ನಿಂತು 42 ಸ್ಥಾನಗಳನ್ನು ಗಳಿಸಿದರು. ಲೋಕಸಭೆಗೆ ನಲ್ಗೊಂಡದಿಂದ ನಿಂತ ರಾವಿ ನಾರಾಯಣರೆಡ್ಡಿಯವರಿಗಂತೂ ಜವಾಹರಲಾಲ ನೆಹರೂ ಅವರಿಗಿಂತಲೂ ಹೆಚ್ಚು ಮತಗಳು ಬಿದ್ದವು. ಬೂರ್ಗುಲ ಅವರು ಮುಖ್ಯಮಂತ್ರಿಗಳಾದರು, ಫ್ರಂಟಿನ ವಿ. ಡಿ. ದೇಶಪಾಂಡೆಯವರು ವಿರೋಧಪಕ್ಷದ ನಾಯಕರಾದರು. ಹಿಂದಿನ ವರ್ಷ ಒಬ್ಬರನ್ನೊಬ್ಬರು ಬೇಟೆಯಾಡುತ್ತಿದ್ದ ಪಕ್ಷಗಳು ಈಗ ಒಂದೇ ಮಾಡಿನ ಕೆಳಗೆ "ಅಧ್ಯಕ್ಷರೇ" ಎಂದು ಮಾತು ತೆಗೆಯಬೇಕಾಯಿತು. ಆ ಸಭೆಯಲ್ಲಿ ಎಂಟು ತೆಲುಗು ಜಿಲ್ಲೆಗಳವರೂ ಐದು ಮರಾಠಿ ಜಿಲ್ಲೆಗಳವರೂ ಬೀದರ, ಗುಲಬರ್ಗ, ರಾಯಚೂರುಗಳ ಕನ್ನಡಿಗರೂ ಇದ್ದರು. ಇದು ಪವಾಡವೇನೂ ಅಲ್ಲ. ಮಾತಿನ ಜಗಳಕ್ಕೆ ಒಂದು ಜಾಗವೂ ಒಂದು ಪದ್ಧತಿಯೂ ದೊರೆತರೆ ಬಂದೂಕಿನ ಜಗಳವು ತಗ್ಗಬಹುದೆಂಬುದಕ್ಕೆ ಸಾಕ್ಷಿ.

ಮುಂದೆ ನಡೆದುದು ಇನ್ನೂ ಸ್ವಾರಸ್ಯವಾಗಿದೆ. ರಾಜ್ಯ ಪುನರ್ವಿಂಗಡಣಾ ಆಯೋಗವು 1955ರ ಸೆಪ್ಟೆಂಬರ್ 30ರಂದು ವರದಿ ಕೊಟ್ಟಿತು. ಫಜಲ್ ಅಲಿ, ಹೃದಯನಾಥ ಕುಂಜ್ರು, ಕೆ. ಎಂ. ಪಣಿಕ್ಕರ್ ಈ ಮೂವರೇ ಅದರ ಸದಸ್ಯರು. ಉತ್ತರಪ್ರದೇಶವು ಅತಿ ದೊಡ್ಡದಾಯಿತೆಂದು ಪಣಿಕ್ಕರ್ ಅವರಿಗೆ ತೋರಿತು, ಉಳಿದ ಇಬ್ಬರೂ ಒಪ್ಪಲಿಲ್ಲ. ಹಿಮಾಚಲದ ವಿಷಯದಲ್ಲಿ ಫಜಲ್ ಅಲಿಯವರದು ಬೇರೆ ದಾರಿ. ಯಾರೂ ರಾಜೀನಾಮೆ ಎಸೆದು ಹೋಗಲಿಲ್ಲ. ಇಬ್ಬರ ಭಿನ್ನಮತಗಳೂ ಟಿಪ್ಪಣಿಗಳಾಗಿ ಅದೇ ವರದಿಯ ಕೊನೆಯಲ್ಲಿ ಅಚ್ಚಾದವು. ವರದಿಯ ಬಲವು ಇದರಿಂದ ಕುಂದಿತೆಂದು ನಮಗೆ ಅನಿಸುವುದಿಲ್ಲ. ಓದುವವನಿಗೆ ನಂಬಿಕೆಯು ಹೆಚ್ಚುತ್ತದೆ.

ತೆಲಂಗಾಣವು ಸದ್ಯಕ್ಕೆ ಪ್ರತ್ಯೇಕವಾಗಿರಲಿ, ಮುಂದಿನ ಚುನಾವಣೆಗಳ ಬಳಿಕ ಶಾಸನಸಭೆಯ ಮೂರನೆಯ ಎರಡು ಪಾಲು ಸದಸ್ಯರು ಒಪ್ಪಿದರೆ ಆಂಧ್ರದೊಡನೆ ಕೂಡಲಿ ಎಂದು ಆಯೋಗವು ಹೇಳಿತ್ತು. ಆಗ ಹೈದರಾಬಾದಿನ ಪಕ್ಷಗಳೆಲ್ಲ ಕಲಸಿಹೋದವು. ಬೂರ್ಗುಲ ಅವರು ತೂಗಿ ನೋಡಿ ಕೊನೆಗೆ ವಿಶಾಲಾಂಧ್ರದ ಕಡೆಗೆ ಒಲಿದರು. ಅವರ ಬದ್ಧವಿರೋಧಿಗಳಾಗಿದ್ದ ಕಮ್ಯೂನಿಸ್ಟರೂ ವಿಶಾಲಾಂಧ್ರವಾದಿಗಳೇ! ಅವರದೇ ಪಕ್ಷದ ರಂಗಾರೆಡ್ಡಿಯವರೂ ಮರ್ರಿ ಚೆನ್ನಾರೆಡ್ಡಿಯವರೂ ಪ್ರತ್ಯೇಕ ತೆಲಂಗಾಣದ ಪರ. ನೆನ್ನೆಯ ಶತ್ರುವು ಇಂದು ಜತೆಗಾರ, ನೆನ್ನೆಯ ಜತೆಗಾರನು ಇಂದು ಎದುರಾಳಿ. ಒಬ್ಬ ಮನುಷ್ಯನನ್ನು ಒಂದು ಮಾತಿಗಾಗಿ ದ್ರೋಹಿಯೆಂದು ಕರೆದುಬಿಟ್ಟರೆ, ಮುಂದೆ ಇನ್ನೊಂದು ಮಾತಿಗೆ ಅವನ ನೆರವನ್ನು ಯಾವ ಮುಖದಿಂದ ಕೇಳುವುದು? ನಮ್ಮ ಚರ್ಚಾಕೂಟದ ಚತುರ ಭಾಷಣಕಾರರು ಈ ಲೆಕ್ಕವನ್ನು ಹಾಕಿರಲಿಲ್ಲ.

1956ರ ಫೆಬ್ರುವರಿ 20ರಂದು ದೆಹಲಿಯಲ್ಲಿ ಆಂಧ್ರದ ನಾಲ್ವರು, ತೆಲಂಗಾಣದ ನಾಲ್ವರು ಕುಳಿತು ಒಂದು ಒಪ್ಪಂದಕ್ಕೆ ರುಜು ಹಾಕಿದರು. ವಿಲೀನವನ್ನು ಬಯಸಿದ ಬೂರ್ಗುಲ ಅವರ ರುಜುವಿನೊಡನೆ ಅದನ್ನು ಬಯಸದಿದ್ದ ರಂಗಾರೆಡ್ಡಿ, ಚೆನ್ನಾರೆಡ್ಡಿಯವರ ರುಜುಗಳೂ ಅದರಲ್ಲಿವೆ. ತೆಲುಗಿನವರು ಅದನ್ನು ಪೆದ್ದಮನುಷುಲ ಒಪ್ಪಂದವೆಂದರು; ಕನ್ನಡದಲ್ಲಿ ದೊಡ್ಡಮನುಷ್ಯರ ಒಪ್ಪಂದವೆನ್ನಬಹುದು. ತೆಲಂಗಾಣದ ಆದಾಯದಲ್ಲಿ ಉಳಿದುದನ್ನು ತೆಲಂಗಾಣಕ್ಕೇ ವೆಚ್ಚ ಮಾಡಬೇಕು, ಮುಖ್ಯಮಂತ್ರಿಯು ಒಂದು ಪ್ರಾಂತದವನಾದರೆ ಉಪಮುಖ್ಯಮಂತ್ರಿಯು ಇನ್ನೊಂದು ಪ್ರಾಂತದವನಾಗಬೇಕು, ಹೀಗೆ ಅದರ ಷರತ್ತುಗಳು. ಅದೇ ವರ್ಷದ ನವೆಂಬರ್ 1ರಂದು ಆಂಧ್ರಪ್ರದೇಶವು ಹುಟ್ಟಿತು. ಬೂರ್ಗುಲ ಅವರು ಮುಖ್ಯಮಂತ್ರಿಯ ಪದವಿಯನ್ನು ಬಿಟ್ಟುಕೊಟ್ಟು ಕೇರಳಕ್ಕೆ ರಾಜ್ಯಪಾಲರಾಗಿ ಹೋದರು.

ಇಲ್ಲಿ ಕಥೆಯನ್ನು ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಸತ್ಯಕ್ಕೆ ಅಪಚಾರವಾಗುತ್ತದೆ. ಹೊಸ ರಾಜ್ಯದ ಮೊದಲ ಮಂತ್ರಿಮಂಡಲದಲ್ಲಿ ಉಪಮುಖ್ಯಮಂತ್ರಿಯೇ ಇರಲಿಲ್ಲ. ಷರತ್ತುಗಳು ಪಾಲನೆಯಾಗಲಿಲ್ಲವೆಂಬ ದೂರು ಬೆಳೆಯುತ್ತ ಬಂದು 1969ರಲ್ಲಿ ವಿದ್ಯಾರ್ಥಿಗಳ ಚಳವಳಿಯಾಗಿ ಸಿಡಿಯಿತು. ಗೋಲಿಬಾರಿನಲ್ಲಿ ಎಳೆಯರು ಸತ್ತರು. ಕೊನೆಗೆ 2014ರ ಜೂನ್ 2ರಂದು ತೆಲಂಗಾಣವು ಬೇರೆಯಾಯಿತು. ಮರ್ಯಾದೆಯ ಮಾತು ಮೇಜಿನ ಮೇಲೆ ಮುಗಿಯತಕ್ಕದ್ದಲ್ಲ. ನಗುಮುಖದಿಂದ ಕೊಟ್ಟ ಮಾತನ್ನು ನಡೆಸದೆ ಹೋದರೆ, ಮುಂದಿನ ಸಲ ನಗುಮುಖವನ್ನು ಕಂಡೇ ಜನರು ಸಂಶಯಪಡುತ್ತಾರೆ.

ಆ ನವೆಂಬರ್ 1ರಂದೇ ನಮ್ಮ ಮೂರು ಜಿಲ್ಲೆಗಳು ಮೈಸೂರು ರಾಜ್ಯವನ್ನು ಸೇರಿದವು. ತಾಂಡೂರು, ಕೊಡಂಗಲ್, ಗದ್ವಾಲ, ಆಲಂಪುರ ತಾಲ್ಲೂಕುಗಳು ಆಂಧ್ರಪ್ರದೇಶದಲ್ಲಿಯೇ ಉಳಿದವು. ನಗರದ ಕನ್ನಡಿಗರಾದ ನಾವೂ ಉಳಿದೆವು. ಅಲ್ಪಸಂಖ್ಯಾತರಾಗಿ ಬದುಕುವವರಿಗೆ ಎದುರಿನವರು ಸಹನೆಯಿಂದ ಕೇಳುವುದೆಂದರೆ ಅಲಂಕಾರವಲ್ಲ, ಅನ್ನದಷ್ಟೇ ಅಗತ್ಯ. ರಜೆಯಲ್ಲಿ ಕಲಬುರಗಿಗೆ ಹೋಗುವಾಗ ನಮ್ಮ ರೈಲು ತಾಂಡೂರು, ಸೇಡಂಗಳನ್ನು ದಾಟಿ ಮಳಖೇಡದ ಬಳಿ ಹಾಯುತ್ತದೆ. ಅದೇ ರಾಷ್ಟ್ರಕೂಟರ ಮಾನ್ಯಖೇಟ. ಪರರ ವಿಚಾರವನ್ನೂ ಪರರ ಧರ್ಮವನ್ನೂ ಸೈರಿಸಬಲ್ಲ ಶಕ್ತಿಯನ್ನೇ ಸಂಪತ್ತೆಂದು ಎಣಿಸಿದ ಕವಿರಾಜಮಾರ್ಗವು ಒಂಬತ್ತನೆಯ ಶತಮಾನದಲ್ಲಿ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿತು. ಸೈರಿಸುವುದೆಂದರೆ ಒಪ್ಪುವುದಲ್ಲ, ಗಮನಿಸಿರಿ. ಭಾರವಿಲ್ಲದ ಕಡೆ ಸೈರಣೆಯ ಮಾತೇ ಏಳುವುದಿಲ್ಲ.

ಮರ್ಯಾದೆ ಕೆಟ್ಟರೆ ಏನಾಗುವುದೆಂಬುದಕ್ಕೆ ಅಮೆರಿಕದ ಒಂದು ನಿದರ್ಶನ. 1856ರ ಮೇ ತಿಂಗಳಲ್ಲಿ ಮ್ಯಾಸಚೂಸೆಟ್ಸ್ ಪ್ರಾಂತದ ಚಾರ್ಲ್ಸ್ ಸಮ್ನರ್ ಎಂಬವರು ಸೆನೆಟ್ಟಿನಲ್ಲಿ ಗುಲಾಮಗಿರಿಯನ್ನು ಖಂಡಿಸಿ ಎರಡು ದಿನ ಭಾಷಣ ಮಾಡಿದರು. ಅವರ ಪಕ್ಷವು ನ್ಯಾಯದ್ದೇ. ಆದರೆ ಸಭೆಯಲ್ಲಿ ಹಾಜರಿಲ್ಲದ ಬಟ್ಲರ್ ಎಂಬ ವೃದ್ಧ ಸದಸ್ಯರನ್ನು ಅದರಲ್ಲಿ ಹೀಗಳೆದು ಅಣಕಿಸಿದ್ದರು. ಎರಡು ದಿನಗಳ ಬಳಿಕ ಬಟ್ಲರರ ಬಂಧುವಾದ ಪ್ರೆಸ್ಟನ್ ಬ್ರೂಕ್ಸ್ ಎಂಬ ಪ್ರತಿನಿಧಿಯು ಸೆನೆಟ್ಟಿನೊಳಗೇ ಬಂದು ಸಮ್ನರರನ್ನು ಬೆತ್ತದಿಂದ ಪ್ರಜ್ಞೆ ತಪ್ಪುವಂತೆ ಥಳಿಸಿದನು. ಅವರು ಮತ್ತೆ ಸಭೆಗೆ ಬಂದು ಕೆಲಸ ಮಾಡಲು ಮೂರು ವರ್ಷ ಹಿಡಿಯಿತು. ನಮ್ಮನ್ನು ಹೆಚ್ಚು ಬೆಚ್ಚಿಬೀಳಿಸುವುದು ಏಟುಗಳಲ್ಲ. ಬ್ರೂಕ್ಸನ ಪ್ರಾಂತದವರು ಮೆಚ್ಚಿ ಅವನಿಗೆ ಹೊಸ ಬೆತ್ತಗಳನ್ನು ಉಡುಗೊರೆಯಾಗಿ ಕಳುಹಿಸಿದರೆಂಬುದು. ಅವೂ ಒಂದು ಬಗೆಯ ಚಪ್ಪಾಳೆಯೇ. 1861ರಲ್ಲಿ ಆ ದೇಶವು ಅಂತರ್ಯುದ್ಧಕ್ಕೆ ಬಿತ್ತು.

ಅದೇ ದೇಶದಲ್ಲಿ ಇನ್ನೊಂದು ಜೋಡಿಯೂ ಉಂಟು. 1800ರ ಚುನಾವಣೆಯ ಕಹಿಯಿಂದ ಜಾನ್ ಆಡಮ್ಸ್, ಥಾಮಸ್ ಜೆಫರ್ಸನ್ ಇವರ ಸ್ನೇಹವು ಮುರಿದಿತ್ತು. ಜೆಫರ್ಸನ್ ಪದಗ್ರಹಣ ಮಾಡಿದ ದಿನ ಆಡಮ್ಸ್ ಬೆಳಗಾಗುವ ಮೊದಲೇ ರಾಜಧಾನಿಯನ್ನು ಬಿಟ್ಟುಹೋದರು. ಹನ್ನೊಂದು ವರ್ಷಗಳ ಬಳಿಕ ಬೆಂಜಮಿನ್ ರಷ್ ಎಂಬ ವೈದ್ಯರು ಇಬ್ಬರಿಗೂ ಹೇಳಿ 1812ರಲ್ಲಿ ಪತ್ರವ್ಯವಹಾರವನ್ನು ಮತ್ತೆ ಆರಂಭಿಸಿಸಿದರು. ಹದಿನಾಲ್ಕು ವರ್ಷ ಅವರು ಬರೆದುಕೊಂಡರು. ಒಬ್ಬರು ಇನ್ನೊಬ್ಬರನ್ನು ತಮ್ಮ ಮತಕ್ಕೆ ತಿರುಗಿಸಲಿಲ್ಲ. ಸಾಯುವ ಮೊದಲು ಪರಸ್ಪರ ತಮ್ಮನ್ನು ವಿವರಿಸಿಕೊಳ್ಳಬೇಕೆಂಬುದಷ್ಟೇ ಆಡಮ್ಸರ ಹಂಬಲವಾಗಿತ್ತು. 1826ರ ಜುಲೈ 4ರಂದು ಇಬ್ಬರೂ ಒಂದೇ ದಿನ ತೀರಿಕೊಂಡರು.

ಮೆಲುದನಿಯೇ ಮರ್ಯಾದೆಯೆಂದು ನಾವು ಹೇಳುತ್ತಿಲ್ಲ. ನೊಂದವನು ಗಟ್ಟಿಯಾಗಿ ಮಾತನಾಡಿದರೆ "ಸಭ್ಯತೆ ಇಲ್ಲ" ಎಂದು ಬಾಯಿ ಮುಚ್ಚಿಸುವ ಜಾಣರೂ ಇದ್ದಾರೆ. 1936ರಲ್ಲಿ ಲಾಹೋರಿನ ಸಂಸ್ಥೆಯೊಂದು ಡಾ. ಅಂಬೇಡ್ಕರರನ್ನು ಅಧ್ಯಕ್ಷಭಾಷಣಕ್ಕೆ ಕರೆದು, ಬರೆದ ಭಾಷಣವನ್ನು ತಿದ್ದಿರೆಂದಿತು. ಅವರು ಒಂದು ಅಕ್ಷರವನ್ನೂ ಬದಲಿಸಲೊಪ್ಪದೆ ತಾವೇ ಅಚ್ಚು ಹಾಕಿಸಿದರು. ಗಾಂಧೀಜಿಯವರು 'ಹರಿಜನ' ಪತ್ರಿಕೆಯಲ್ಲಿ ಅದನ್ನು ವಿಮರ್ಶಿಸಿದರು. ಅಂಬೇಡ್ಕರರು ಎರಡನೆಯ ಮುದ್ರಣದಲ್ಲಿ ಆ ವಿಮರ್ಶೆಯನ್ನೇ ಸೇರಿಸಿ, ಅದರ ಕೆಳಗೆ ತಮ್ಮ ಖಾರವಾದ ಉತ್ತರವನ್ನು ಕೊಟ್ಟರು. ವಿರೋಧಿಯ ಮಾತಿಗೆ ತನ್ನ ಪುಸ್ತಕದಲ್ಲಿಯೇ ಜಾಗ ಕೊಡುವುದು! ಮುಂದೆ 1949ರ ನವೆಂಬರ್ 25ರಂದು ಸಂವಿಧಾನಸಭೆಯಲ್ಲಿ, ತಮ್ಮ ಕರಡನ್ನು ಹೆಜ್ಜೆಹೆಜ್ಜೆಗೂ ಕಾಡಿದ್ದ ಎಚ್. ವಿ. ಕಾಮತ್ ಮೊದಲಾದವರನ್ನು ಅವರು ಹೆಸರಿಸಿ, ಇವರಿಲ್ಲದಿದ್ದರೆ ಸಭೆಯು ನೀರಸವಾಗುತ್ತಿತ್ತೆಂದು ವಂದನೆ ಹೇಳಿದರು. ಕಾಮತರು ನಮ್ಮ ಮಂಗಳೂರಿನಲ್ಲಿ ಹುಟ್ಟಿದವರು.

ಇನ್ನು ನಮ್ಮ ಚರ್ಚಾಕೂಟಕ್ಕೆ ಮರಳೋಣ. ದಸರಾ ರಜೆಯ ಬಳಿಕ ಒಂದು ಹೊಸ ನಿಯಮವನ್ನು ತಂದೆವು: ಎದುರುಪಕ್ಷಕ್ಕೆ ಉತ್ತರ ಕೊಡುವವರು ಮೊದಲು ಅವರ ವಾದವನ್ನು ತಮ್ಮ ಮಾತಿನಲ್ಲಿ ಹೇಳಬೇಕು, "ಹೌದು, ನಾನು ಹೇಳಿದುದು ಇದೇ" ಎಂದು ಎದುರಿನವರು ಒಪ್ಪಿದ ಮೇಲೆಯೇ ಮುಂದುವರಿಯಬೇಕು. ಅದೇ ಹಳೆಯ ವಿಷಯವನ್ನು ಮತ್ತೆ ಇಟ್ಟೆವು. ಆ ಹುಡುಗನ ತರಗತಿಯ ಉಪಾಧ್ಯಾಯಿನಿಯವರು ಅವನ ಮನೆಗೇ ಹೋಗಿ, ಆ ದಿನ ಚಪ್ಪಾಳೆ ತಟ್ಟಿದುದು ನಮ್ಮ ತಪ್ಪೆಂದು ಹೇಳಿ ಕರೆತಂದರು. ಅವನು ಅಣ್ಣನ ಕಥೆಯನ್ನು ಈ ಸಲ ಕೊನೆಯವರೆಗೂ ಹೇಳಿದನು. ಹಿಂದೆ "ಮಾತೃದ್ರೋಹಿ" ಎಂದಿದ್ದವನೇ ಉತ್ತರಕ್ಕೆ ಎದ್ದನು. "ಅಧ್ಯಕ್ಷರೇ, ಕನ್ನಡ ಬೇಡವೆಂಬುದು ಇವರ ವಾದ" ಎಂದನು. ಹುಡುಗನು ತಲೆಯಾಡಿಸಿ, ಅಲ್ಲವೆಂದನು. "ಕನ್ನಡದಲ್ಲಿ ಕಲಿತವರಿಗೆ ಕಾಲೇಜು ಕಷ್ಟವೆಂಬುದು ಇವರ ವಾದ." ಅದೂ ಪೂರ್ತಿಯಲ್ಲವಂತೆ. ಮೂರನೆಯ ಸಲ ಅವನು ತಡೆದು, ಯೋಚಿಸಿ, "ಕನ್ನಡದಲ್ಲಿಯೇ ಕಲಿಸಿರಿ, ಆದರೆ ಎಂಟನೆಯ ತರಗತಿಯಿಂದ ವಿಜ್ಞಾನದ ಇಂಗ್ಲಿಷ್ ಪದಗಳನ್ನೂ ಜತೆಗೆ ಹೇಳಿಕೊಡಿರಿ ಎಂದು ಇವರು ಕೇಳುತ್ತಿದ್ದಾರೆ" ಎಂದನು. ಹುಡುಗನು ಹೌದೆಂದನು. ಅಷ್ಟು ಹೊತ್ತಿಗೆ ಗಂಟೆ ಬಾರಿಸಿತು. ಉತ್ತರವನ್ನು ಮುಂದಿನ ಶನಿವಾರಕ್ಕೆ ಇಟ್ಟುಕೊಂಡೆವು.