ರೆಗ್ಗೇಟಾನ್ ಗೀತವೂ ಲ್ಯಾಟಿನ್ ಅಭಿಮಾನವೂ

ಸ್ಪ್ಯಾನಿಷ್ ನುಡಿಯ ರೆಗ್ಗೇಟಾನ್ ಗೀತವು ಲ್ಯಾಟಿನ್ ಅಮೆರಿಕದವರ ಸ್ವಾಭಿಮಾನದ ಕುರುಹೆಂಬುದು ವಿದಿತವೇ ಆಗಿದೆ. ಆ ಅಭಿಮಾನವು ಯಾರಿಗೆ ಸಲ್ಲತಕ್ಕದ್ದೆಂಬುದು ಮಾತ್ರ ವಿಚಾರಾರ್ಹವಾದುದು.

ಪನಾಮಾ ಕಾಲುವೆಯ ಕೆಲಸಕ್ಕೆಂದು ವೆಸ್ಟ್ ಇಂಡೀಸ್ ದ್ವೀಪಗಳಿಂದ ಬಂದ ಕರಿಯ ಜನರ ಸಂತತಿಯವರು ಜಮೈಕಾದ ರೆಗೆ ಹಾಡನ್ನು ಸ್ಪ್ಯಾನಿಷಿಗೆ ತಂದರು. 1990ರ ದಶಕದಲ್ಲಿ ಅದು ಪೋರ್ಟೊ ರಿಕೊದ ಸಾನ್ ಹ್ವಾನ್ ನಗರದ ಬಡಕೇರಿಗಳಲ್ಲಿ ರ್‍ಯಾಪಿನೊಡನೆ ಬೆರೆತು ಹೊಸ ರೂಪವನ್ನು ತಾಳಿತು. ಇದರ ತಾಳಕ್ಕಿರುವ ‘ಡೆಂಬೊ’ ಎಂಬ ಹೆಸರು ಜಮೈಕಾದ ಶಾಬಾ ರ್‍ಯಾಂಕ್ಸನ ಹಾಡೊಂದರಿಂದ ಬಂದುದು. 1995ರಲ್ಲಿ ಪೋಲೀಸರು ಈ ಹಾಡುಗಳ ಕ್ಯಾಸೆಟ್ಟುಗಳನ್ನು ಅಶ್ಲೀಲವೆಂದು ಅಂಗಡಿಗಳಿಂದ ವಶಪಡಿಸಿಕೊಂಡರು.

ಭಾಷೆಯ ವಿಷಯವೂ ಗಮನಾರ್ಹ. 1898ರಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನಗಳ ಅಧೀನವಾದ ಈ ದ್ವೀಪದ ಶಾಲೆಗಳಲ್ಲಿ ಸ್ಪ್ಯಾನಿಷಿಗೆ ಶಿಕ್ಷಣಮಾಧ್ಯಮದ ಸ್ಥಾನವು ಪೂರ್ಣವಾಗಿ ದೊರೆತುದು 1949ರ ಸುಮಾರಿಗೆ. ಅಂತಹ ನಾಡಿನ ಗಾಯಕರು ಪದಾಂತ್ಯದ ಸಕಾರವನ್ನು ಲೋಪಿಸುವ, ರಕಾರವನ್ನು ಲಕಾರವಾಗಿಸುವ ಆಡುನುಡಿಯನ್ನು ಬಿಡದೆಯೇ ಲೋಕಪ್ರಸಿದ್ಧರಾದರು. 2004ರಲ್ಲಿ ಡ್ಯಾಡಿ ಯಾಂಕಿಯ ‘ಗ್ಯಾಸೊಲಿನಾ’ ಹಾಡು ದೇಶಾಂತರಗಳನ್ನು ಮುಟ್ಟಿತು. 2022ರ ಬ್ಯಾಡ್ ಬನ್ನಿಯ ಗೀತಸಂಪುಟವು, ವರ್ಷದ ಶ್ರೇಷ್ಠ ಸಂಪುಟಕ್ಕೆ ಸಲ್ಲುವ ಗ್ರ್ಯಾಮಿ ಪ್ರಶಸ್ತಿಗೆ ನಾಮಾಂಕಿತವಾದ ಪ್ರಥಮ ಸ್ಪ್ಯಾನಿಷ್ ಕೃತಿಯಾಯಿತು.

ಆದರೆ ‘ಲ್ಯಾಟಿನ್’ ಎಂಬ ಹೆಸರು ಹಲವು ದೇಶಗಳನ್ನು ಒಂದುಗೂಡಿಸುವಾಗಲೇ ಕರಿಯ ಜನರ ಋಣವನ್ನು ಮರೆಮಾಡುವುದೂ ಉಂಟು. ಟೆಗೊ ಕಾಲ್ಡೆರಾನನು 2002ರ ‘ಎಲ್ ಅಬಾಯಾರ್ದೆ’ ಸಂಪುಟದಲ್ಲಿ ಆಫ್ರಿಕಾಮೂಲದ ಬೊಂಬಾ ತಾಳವನ್ನು ಬಳಸಿ ಆ ಋಣವನ್ನು ಮೊದಲೇ ಎತ್ತಿಹಿಡಿದಿದ್ದನು. ಮೂಲವನ್ನು ಒಪ್ಪಿಕೊಂಡ ಅಭಿಮಾನವೇ ನಿಜವಾದ ಅಭಿಮಾನವೆಂಬುದು ಇದರಿಂದ ವ್ಯಕ್ತವಾಗುತ್ತದೆ.