ಹಳೆಯ ಆಸನಗಳೂ ಗೃಹಸ್ಥರ ವಿವೇಕವೂ

ಹಳೆಯ ಕುರ್ಚಿ, ಬೆಂಚು, ಉಯ್ಯಾಲೆಗಳನ್ನು ಹುಡುಕಿ ತಂದು ಪಡಸಾಲೆಯಲ್ಲಿರಿಸುವ ಅಭಿರುಚಿಯು ನಮ್ಮ ಪಟ್ಟಣಿಗರಲ್ಲಿ ಬೆಳೆಯುತ್ತಲಿರುವುದನ್ನು ವಾಚಕರು ಬಲ್ಲರು. ಇದು ಸಂತೋಷದ ಸಂಗತಿಯೇ ಸರಿ. ಆದರೆ ಅದೇ ಪಟ್ಟಣಗಳಲ್ಲಿ, ಬೆತ್ತ ಹರಿಯಿತೆಂಬ ಒಂದೇ ಕಾರಣದಿಂದ ಅಜ್ಜನ ಕಾಲದ ತೇಗದ ಕುರ್ಚಿಯನ್ನು ಗುಜರಿಯವನಿಗೆ ಕೊಟ್ಟು ಕೈತೊಳೆದುಕೊಳ್ಳುವ ಮನೆಗಳೂ ಉಂಟು. ಒಬ್ಬನು ಹಳೆಯದೆಂದು ಎಸೆಯುತ್ತಾನೆ. ಇನ್ನೊಬ್ಬನು ಹಳೆಯದೆಂದೇ ದುಬಾರಿ ಬೆಲೆ ತೆತ್ತು ಕೊಳ್ಳುತ್ತಾನೆ. ವಿಚಾರಿಸಿ ನೋಡಿದರೆ ಇಬ್ಬರೂ ವಸ್ತುವಿನ ವಯಸ್ಸನ್ನು ಕಂಡರೇ ಹೊರತು ಅದರ ಗುಣವನ್ನು ಕಾಣಲಿಲ್ಲ. ಆಸನದ ಯೋಗ್ಯತೆಯು ಅದರ ಮೇಲೆ ಸುಖವಾಗಿ ಕುಳಿತುಕೊಳ್ಳಬಹುದು, ಕೆಟ್ಟರೆ ಮತ್ತೆ ಸರಿಪಡಿಸಬಹುದು ಎಂಬ ಎರಡು ಮಾತುಗಳಲ್ಲಿ ಅಡಗಿದೆ. ನಾವು ಈ ಲೇಖನದಲ್ಲಿ ಹೇಳಬಯಸುವುದು ಇಷ್ಟೆ.

ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಗೆ ಚಂಡೀಗಢದ ಕುರ್ಚಿಗಳಿಗಿಂತ ಒಳ್ಳೆಯ ಉದಾಹರಣೆ ದೊರೆಯಲಾರದು. 1950ರ ದಶಕದಲ್ಲಿ ಆ ನಗರವನ್ನು ಕಟ್ಟಿದಾಗ ಕಾರ್ಬೂಸಿಯೆ ಅವರ ಸಂಬಂಧಿಯೂ ಸಹೋದ್ಯೋಗಿಯೂ ಆದ ಪಿಯೇರ್ ಜನ್ನರೆ ಅವರ ನೇತೃತ್ವದಲ್ಲಿ ಕಚೇರಿ, ಕಾಲೇಜು, ನ್ಯಾಯಾಲಯಗಳಿಗೆಂದು ತೇಗ ಮತ್ತು ಬೆತ್ತದ ಸರಳ ಕುರ್ಚಿಗಳನ್ನು ರೂಪಿಸಲಾಯಿತು. ಮಾಡಿದವರು ನಮ್ಮ ಬಡಗಿಗಳು. ಕೆಲವು ದಶಕಗಳು ಕಳೆಯುವಷ್ಟರಲ್ಲಿ ಆ ಕುರ್ಚಿಗಳು ಮುರಿದ ಸಾಮಾನುಗಳೊಂದಿಗೆ ಮಾಳಿಗೆಗಳ ಮೇಲೆ ರಾಶಿಬಿದ್ದು, ಕಚೇರಿಯ ಹರಾಜುಗಳಲ್ಲಿ ಅಲ್ಪ ಬೆಲೆಗೆ ಹೋದವು. ಕೊಂಡವರು ಅವನ್ನು ದುರಸ್ತಿ ಮಾಡಿಸಿ ಯೂರೋಪು ಅಮೆರಿಕಗಳ ಹರಾಜು ಮಂದಿರಗಳಲ್ಲಿ ಭಾರಿ ಮೊತ್ತಕ್ಕೆ ಮಾರಿದರು. ಗುಮಾಸ್ತನು ಕುರ್ಚಿಯ ಬೆನ್ನಿಗೆ ಬಣ್ಣದಿಂದ ಬರೆದಿದ್ದ ದಾಸ್ತಾನು ಸಂಖ್ಯೆಯೇ ಅಲ್ಲಿ ಅಸಲುತನದ ಕುರುಹೆನಿಸಿತು! 2011ರಲ್ಲಿ ಕೇಂದ್ರ ಗೃಹ ಮಂತ್ರಾಲಯವು ಇಂಥ ವಸ್ತುಗಳ ಮಾರಾಟವನ್ನು ತಡೆಯುವಂತೆ ಆಜ್ಞೆ ಮಾಡುವ ವೇಳೆಗೆ ಎಷ್ಟೋ ಕುರ್ಚಿಗಳು ಕಡಲು ದಾಟಿದ್ದವು.

ಆದುದರಿಂದ ಹಳೆಯ ಆಸನವನ್ನು ಬಯಸುವವರು ಮೊದಲು ತಮ್ಮ ಮನೆಯ ಅಟ್ಟವನ್ನೇ ಹತ್ತಿ ನೋಡುವುದು ಲೇಸು. ನಮ್ಮ ಹಿರಿಯರು ಬಹುಮಟ್ಟಿಗೆ ಮಣೆ, ಜಮಖಾನೆ, ಜಗಲಿ, ಉಯ್ಯಾಲೆಗಳ ಮೇಲೆ ಕುಳಿತವರು. ಕುರ್ಚಿ ಎಂಬ ಮಾತೇ ಅರಬ್ಬಿ ಮೂಲದ್ದು. ಆದರೆ ಹೊರಗಿನಿಂದ ಬಂದ ಆ ರೂಪವನ್ನು ನಮ್ಮ ಬಡಗಿಯು ನಮ್ಮ ತೇಗದಲ್ಲಿ, ನಮ್ಮ ಬೀಟೆಯಲ್ಲಿ ಕಡೆದು, ಸೆಖೆಯ ನಾಡಿಗೆ ಒಪ್ಪುವಂತೆ ಗಾಳಿಯಾಡುವ ಬೆತ್ತದಿಂದ ಹೆಣೆದು ತನ್ನದಾಗಿ ಮಾಡಿಕೊಂಡನು. ಕೊಡಗು, ಚಿಕ್ಕಮಗಳೂರುಗಳ ಕಾಫಿ ತೋಟದ ಬಂಗಲೆಗಳಲ್ಲಿ ಕಾಣುವ, ಕಾಲು ಚಾಚಲು ಉದ್ದನೆಯ ತೋಳುಗಳುಳ್ಳ ಆರಾಮ ಕುರ್ಚಿಯು ಈ ಜಾತಿಯದು. ಇನ್ನೊಂದು ಬಗೆ, ಬಾಗಿದ ಮರದ ಕುರ್ಚಿ. ವಿಯೆನ್ನಾದ ಮಿಖಾಯೆಲ್ ಥೋನೆಟ್ ಎಂಬವರು ಬೀಚ್ ಮರವನ್ನು ಹಬೆಯಲ್ಲಿ ಬಾಗಿಸಿ 1859ರಲ್ಲಿ ಹೊರತಂದ 14ನೆಯ ಸಂಖ್ಯೆಯ ಕುರ್ಚಿಗೆ ಬೇಕಾದುದು ಆರು ತುಂಡು ಮರ, ಹತ್ತು ತಿರುಪು, ಎರಡು ನಟ್ಟು ಮಾತ್ರ. ಬಿಚ್ಚಿದ 36 ಕುರ್ಚಿಗಳು ಒಂದು ಘನ ಮೀಟರಿನ ಪೆಟ್ಟಿಗೆಯಲ್ಲಿ ಹಿಡಿಯುತ್ತಿದ್ದವು. ಮುಂಬಯಿಯ ಇರಾನಿ ಹೋಟೆಲುಗಳಲ್ಲಿ ಇಂದಿಗೂ ಕಾಣುವ ಕುರ್ಚಿಗಳು ಈ ವಂಶದವೇ. ಆದರೆ ಥೋನೆಟ್‌ರ ಹಕ್ಕು 1869ರಲ್ಲಿ ಕೊನೆಗೊಂಡ ಮೇಲೆ ಅನೇಕರು ಅದೇ ಮಾದರಿಯನ್ನು ಮಾಡಿದರು. ಆಸನದ ಬಳೆಯ ಒಳಬದಿಯಲ್ಲಿ ಮುದ್ರೆಯೋ ಕಾಗದದ ಚೀಟಿಯೋ ಉಂಟೇ ಎಂದು ನೋಡದೆ ಹೆಸರಿಗೆ ಹಣ ತೆರುವುದು ಜಾಣತನವಲ್ಲ.

ಕೊಳ್ಳುವಾಗ ಮಾಡಬೇಕಾದ ಪರೀಕ್ಷೆಗಳು ಕಠಿಣವಾದುವೇನೂ ಅಲ್ಲ. ಮೊದಲನೆಯದಾಗಿ ಕುಳಿತು ನೋಡಬೇಕು. ಅಂಗಡಿಯವನು ನಿಂತಿದ್ದಾನೆಂದು ಸಂಕೋಚಪಡದೆ ಕಾಲು ಗಂಟೆ ಕುಳಿತಿರಬೇಕು. ಪಾದಗಳು ನೆಲ ಮುಟ್ಟುವುವೇ, ಬೆನ್ನಿಗೆ ಆಧಾರವಿದೆಯೇ, ಏಳುವಾಗ ತೋಳುಗಳು ಕೈಗೆ ನೆರವಾಗುವುವೇ ಎಂಬುದು ಆಗ ತಿಳಿಯುವುದು. ತಗ್ಗಾದ ಆರಾಮ ಕುರ್ಚಿಯು ಕಣ್ಣಿಗೆ ಸೊಗಸು. ಮಂಡಿ ನೋವುಳ್ಳ ವೃದ್ಧರಿಗೆ ಅದು ಸೆರೆಮನೆ. ಉಣ್ಣುವ ಮೇಜಿಗಾದರೆ ಆಸನವು ಸುಮಾರು ಒಂದೂವರೆ ಅಡಿ ಎತ್ತರವಿರಬೇಕು. ಎರಡನೆಯದಾಗಿ, ಸಮವಾದ ನೆಲದ ಮೇಲಿರಿಸಿ, ಬೆನ್ನನ್ನು ಹಿಡಿದು ಮೆಲ್ಲಗೆ ಅಲುಗಿಸಬೇಕು. ಕಾಲಿಗೂ ಅಡ್ಡಪಟ್ಟಿಗೂ ಕೂಡುವ ಸಂದು ಸಡಿಲಾಗಿದ್ದರೆ ಚಿಂತೆಯಿಲ್ಲ. ಬಿಚ್ಚಿ, ಹಳೆಯ ಅಂಟನ್ನು ತೆಗೆದು, ಹೊಸ ಅಂಟು ಹಾಕಿ ಕೂಡಿಸಬಹುದು. ಸಂದಿನಲ್ಲಿ ಮರವೇ ಸೀಳಿದ್ದರೆ, ಅಥವಾ ಹಿಂದೆ ಯಾರೋ ಮೊಳೆ ಹೊಡೆದು ಹಾಳುಮಾಡಿದ್ದರೆ ಎರಡು ಸಲ ಯೋಚಿಸಬೇಕು. ಮೂರನೆಯದಾಗಿ ತಲೆಕೆಳಗು ಮಾಡಿ ನೋಡಬೇಕು. ಸಣ್ಣ ರಂಧ್ರಗಳಿಂದ ಹಿಟ್ಟಿನಂತಹ ಪುಡಿ ಉದುರಿದರೆ ಹುಳು ಇನ್ನೂ ಜೀವಂತವಾಗಿದೆ ಎಂದು ತಿಳಿಯತಕ್ಕದ್ದು. ಬೆತ್ತದ ಸಂದುಗಳಲ್ಲಿ ತಿಗಣೆಯನ್ನು ಹುಡುಕಲು ಮರೆಯಬಾರದು.

ಬೆಳ್ಳಗಿರುವುದೆಲ್ಲ ಹಾಲಲ್ಲ, ಕಪ್ಪಗಿರುವುದೆಲ್ಲ ಹಳೆಯ ಬೀಟೆಯೂ ಅಲ್ಲ. ಹೊಸ ಮರಕ್ಕೆ ಬಣ್ಣ ಬಳಿದು, ಸರಪಳಿಯಿಂದ ಹೊಡೆದು ಮುದಿತನ ಬರಿಸುವ ಕುಶಲಿಗಳು ಪೇಟೆಯಲ್ಲಿ ಇಲ್ಲದಿಲ್ಲ. ನಿಜವಾದ ಸವೆತವು ಕೈ ಕಾಲು ತಾಗುವಲ್ಲಿ, ಎಂದರೆ ತೋಳಿನ ತುದಿಯಲ್ಲಿಯೂ ಮುಂದಿನ ಅಡ್ಡಪಟ್ಟಿಯಲ್ಲಿಯೂ ಇರುವುದು. ಯಾರ ಕೈಯೂ ತಾಗದ ಎಡೆಯಲ್ಲಿ ಗಾಯಗಳಿದ್ದರೆ ಸಂಶಯಕ್ಕೆ ಎಡೆಯುಂಟು. ದುಂಡಗೆ ಕಡೆದ ಕಾಲು ಬಹುಕಾಲ ಒಣಗಿ ಒಂದು ದಿಕ್ಕಿಗೆ ಹೆಚ್ಚು ಕುಗ್ಗುವುದರಿಂದ, ಅಳೆದು ನೋಡಿದರೆ ತುಸು ಅಂಡಾಕಾರವಾಗಿರುವುದು. ತಲೆಯಲ್ಲಿ ಅಡ್ಡ ಉದ್ದ ಎರಡು ಗೆರೆಗಳುಳ್ಳ ತಿರುಪುಗಳು ಬಳಕೆಗೆ ಬಂದುದೇ 1930ರ ದಶಕದಲ್ಲಿ. ನೂರೈವತ್ತು ವರ್ಷದ್ದೆಂದು ಹೇಳುವ ಕುರ್ಚಿಯಲ್ಲಿ ಅವಿದ್ದರೆ, ಅದು ದುರಸ್ತಿ ಕಂಡಿರಬೇಕು, ಇಲ್ಲವೇ ಮಾತೇ ಸುಳ್ಳಿರಬೇಕು.

ಕಾನೂನನ್ನೂ ತಿಳಿದಿರುವುದು ಅವಶ್ಯ. 1972ರ ಪ್ರಾಚ್ಯವಸ್ತುಗಳ ಕಾಯಿದೆಯಂತೆ, ನೂರು ವರ್ಷಕ್ಕೆ ಕಡಮೆಯಿಲ್ಲದ ಕುಶಲಕಲೆಯ ವಸ್ತುಗಳನ್ನು ಖಾಸಗಿಯವರು ದೇಶದ ಹೊರಗೆ ಸಾಗಿಸುವಂತಿಲ್ಲ. ಚಂಡೀಗಢದ ಕುರ್ಚಿಗಳಿಗೆ ಅಷ್ಟು ವಯಸ್ಸಾಗದಿದ್ದುದರಿಂದಲೇ ಆ ರಕ್ಷೆ ಅವಕ್ಕೆ ದೊರೆಯಲಿಲ್ಲ. ದಂತದ ಕೆತ್ತನೆ ಕೂಡಿಸಿದ ಬೀಟೆಯ ಆಸನವನ್ನು ಯಾರಾದರೂ ತೋರಿಸಿದರೆ ದೂರವಿರುವುದೇ ಕ್ಷೇಮ. ವನ್ಯಜೀವಿ ಕಾಯಿದೆಗೆ 1986ರಲ್ಲಿಯೂ 1991ರಲ್ಲಿಯೂ ಆದ ತಿದ್ದುಪಡಿಗಳ ಬಳಿಕ ದಂತದ ವ್ಯಾಪಾರವು ಅಪರಾಧ.

ಕೊಂಡು ತಂದ ಮೇಲೆ ಮರವನ್ನು ಯಂತ್ರದಿಂದ ಉಜ್ಜಿ ಕನ್ನಡಿಯಂತೆ ಮಾಡುವ ಆತುರ ಬೇಡ. ಕಾಲವೂ ಕೈಗಳೂ ಕೊಟ್ಟ ಮೆರುಗನ್ನು ಒಮ್ಮೆ ಕಳೆದರೆ ಮತ್ತೆ ತರಲಾಗದು. ಹಳೆಯ ಕುರ್ಚಿಗಳಿಗೆ ಅನೇಕ ವೇಳೆ ಬಳಿಯುತ್ತಿದ್ದುದು ಅರಗಿನ ಮೆರುಗು. ಅದರ ಮೇಲೆ ಬಿಸಿ ಲೋಟವಿಟ್ಟರೆ ಬಿಳಿಯ ಬಳೆ ಮೂಡುವುದು. ಮೃದುವಾದ ಬಟ್ಟೆ, ತುಸು ಮೇಣ, ಇಷ್ಟು ಸಾಕು. ಜೋಲಿದ ಬೆತ್ತವು ಹರಿಯದಿದ್ದರೆ ಅಡಿಯಿಂದ ಒದ್ದೆ ಬಟ್ಟೆಯಲ್ಲಿ ನೆನೆಸಿ ಒಣಗಲು ಬಿಟ್ಟಾಗ ಮತ್ತೆ ಬಿಗಿಯಾಗುವುದುಂಟು.

ಹರಿದರೆ? ಇಲ್ಲಿಯೇ ನಮ್ಮ ಮುಖ್ಯವಾದ ಚಿಂತೆ. ಚೌಕಟ್ಟಿನ ಸುತ್ತಲೂ ತೂತುಗಳಿರುವ ಕುರ್ಚಿಗೆ ಬೆತ್ತವನ್ನು ಎಳೆಯೆಳೆಯಾಗಿ ಕೈಯಿಂದಲೇ ಹೆಣೆಯಬೇಕು. ಕಣ್ಣಿಗಿಂತ ಬೆರಳಿಗೆ ಹೆಚ್ಚು ತಿಳಿಯುವ ವಿದ್ಯೆಯಿದು. ಅಂಧರಿಗೆ ಇದನ್ನು ಬಹುಕಾಲದಿಂದ ಕಲಿಸುತ್ತ ಬಂದಿದ್ದು, ಸರಕಾರಿ ಕಚೇರಿಗಳ ಕುರ್ಚಿಗಳನ್ನು ಹೆಣೆದೇ ಅನೇಕರು ಸ್ವಂತ ದುಡಿಮೆಯ ಅನ್ನ ಉಂಡರು. ಕಚೇರಿಗಳು ಪ್ಲಾಸ್ಟಿಕ್ಕಿಗೂ ಗಾಲಿ ಕುರ್ಚಿಗೂ ತಿರುಗಿದಂತೆ ಆ ಕೈಗಳಿಗೆ ಕೆಲಸವಿಲ್ಲದಾಯಿತು. ಹೆಣೆಯುವವನು ಹೋದ ದಿನ, ಅತ್ಯಂತ ಬೆಲೆಯುಳ್ಳ ಹಳೆಯ ಕುರ್ಚಿಯೂ ಬರಿಯ ಸೌದೆ.

ಹೀಗಿರಲು, ಹಳೆಯ ಆಸನಕ್ಕೆ ಹಣ ಚೆಲ್ಲುವ ಗೃಹಸ್ಥರು ಅದರಲ್ಲೊಂದು ಪಾಲನ್ನು ದುರಸ್ತಿಗೆಂದು ಮೊದಲೇ ತೆಗೆದಿಡಲಿ. ಹೆಣೆಯುವವನ ಕೂಲಿಗೆ ಚೌಕಾಸಿ ಮಾಡದಿರಲಿ. ಕಚೇರಿಯ ನಿರುಪಯುಕ್ತ ಸಾಮಾನುಗಳ ಪಟ್ಟಿಗೆ ಸಹಿ ಹಾಕುವ ಅಧಿಕಾರಿಗಳು, ಆ ಪಟ್ಟಿಯಲ್ಲಿರುವ ಕುರ್ಚಿಯನ್ನು ಸಹಿಗೆ ಮೊದಲು ಒಮ್ಮೆ ಕಣ್ಣಾರೆ ಕಾಣಲಿ. ಬೆತ್ತ ಹರಿದಿದೆಯೋ, ಮರ ಹಾಳಾಗಿದೆಯೋ ಎಂದು ನೋಡಲು ಎರಡು ನಿಮಿಷ ಸಾಕು.