ಉಸಿರಾಟದ ಹದ

ಉಸಿರಾಡುವುದನ್ನು ಕಲಿಯಬೇಕೆಂದು ಹೇಳಿದರೆ ನಗದವರು ವಿರಳ. ಹುಟ್ಟಿದ ಕೂಸಿಗೆ ಯಾವ ಗುರುವು ಇದನ್ನು ಕಲಿಸಿದನೆಂದು ನಮ್ಮ ಕೆಂಭಾವಿಯ ಒಕ್ಕಲುಮಗನು ಕೇಳಿದರೆ ಅವನ ಪ್ರಶ್ನೆಯಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ತೊಟ್ಟಿಲಲ್ಲಿ ಮಲಗಿದ ಶಿಶುವನ್ನು ವಾಚಕರು ಒಂದು ಗಳಿಗೆ ದಿಟ್ಟಿಸಿ ನೋಡಲಿ. ಅದರ ಹೊಟ್ಟೆಯು ಮೆಲ್ಲನೆ ಉಬ್ಬಿ ಮೆಲ್ಲನೆ ಇಳಿಯುತ್ತದೆ, ಹೆಗಲುಗಳು ಅಲುಗುವುದಿಲ್ಲ. ಅದೇ ಶಿಶುವು ನಲವತ್ತು ವರ್ಷದ ಗೃಹಸ್ಥನಾಗಿ ಅಂಗಡಿಯ ಗಾದಿಯ ಮೇಲೆ ಬೆನ್ನು ಬಾಗಿಸಿ ಲೆಕ್ಕ ಬರೆಯುತ್ತಿರುವಾಗ ನೋಡಿದರೆ ಹೊಟ್ಟೆಯು ನಿಶ್ಚಲವಾಗಿ, ಎದೆಯ ಮೇಲ್ಭಾಗವೂ ಹೆಗಲುಗಳೂ ಮಾತ್ರ ಏರಿಳಿಯುತ್ತಿರುತ್ತವೆ. ಆದುದರಿಂದ ಕಲಿಯಬೇಕಾದುದು ಹೊಸ ವಿದ್ಯೆಯಲ್ಲ; ಮರೆತುದನ್ನು ಮರಳಿ ಪಡೆಯುವುದಷ್ಟೆ.

ನಮ್ಮ ಪೂರ್ವಿಕರು ಒಂದು ಅಹೋರಾತ್ರಿಗೆ ೨೧,೬೦೦ ಉಸಿರುಗಳೆಂದು ಎಣಿಸಿದ್ದರು. ಇದನ್ನು ನಿಮಿಷಗಳಿಗೆ ಭಾಗಿಸಿದರೆ ನಿಮಿಷಕ್ಕೆ ೧೫ ಆಗುತ್ತದೆ. ವಿಶ್ರಾಂತಿಯಲ್ಲಿರುವ ಆರೋಗ್ಯವಂತ ಪ್ರೌಢರಿಗೆ ನಿಮಿಷಕ್ಕೆ ೧೨ರಿಂದ ೨೦ರವರೆಗೆ ಎಂದು ಇಂದಿನ ವೈದ್ಯರು ಹೇಳುವುದರಿಂದ ಹಳೆಯ ಎಣಿಕೆಯು ನಡುವೆಯೇ ಬಂದು ನಿಲ್ಲುತ್ತದೆ. ಇಲ್ಲಿ ಶಬ್ದಗಳ ವಿಷಯವಾಗಿ ಒಂದು ಮಾತು. ಶಾಲೆಯ ಪುಸ್ತಕಗಳಲ್ಲಿ ‘ಉಚ್ಛ್ವಾಸ’ವೆಂದರೆ ಒಳಗೆ ಎಳೆದುಕೊಳ್ಳುವುದು, ಸಂಸ್ಕೃತದಲ್ಲಾದರೋ ಆ ಶಬ್ದವು ಹೊರಗೆ ಬಿಡುವ ಅರ್ಥದಲ್ಲಿಯೂ ಬರುತ್ತದೆ. ಈ ತೊಡಕು ಬೇಡವೆಂದು ನಾವು ಒಳಗುಸಿರು, ಹೊರಗುಸಿರು ಎಂಬ ಅಚ್ಚಗನ್ನಡ ಮಾತುಗಳನ್ನೇ ಬಳಸುತ್ತೇವೆ.

ಉಸಿರಾಟದ ಯಂತ್ರವು ಹೇಗಿದೆಯೆಂಬುದನ್ನು ತಿಳಿಯದೆ ಅಭ್ಯಾಸಕ್ಕೆ ತೊಡಗುವುದು ಸರಿಯಲ್ಲ. ಶ್ವಾಸಕೋಶಗಳಿಗೆ ತಾವಾಗಿಯೇ ಹಿಗ್ಗುವ ಶಕ್ತಿಯಿಲ್ಲ. ಎದೆಗೂ ಹೊಟ್ಟೆಗೂ ನಡುವೆ ಕೊಡೆಯಂತೆ ಕಮಾನಾಗಿ ಹರಡಿದ ಒಂದು ಮಾಂಸಲವಾದ ಪರದೆಯುಂಟು. ಇದಕ್ಕೆ ವಪೆಯೆಂದು ಹೆಸರು. ಒಳಗುಸಿರಿನ ಕಾಲದಲ್ಲಿ ವಪೆಯು ಸಂಕೋಚಗೊಂಡು ಕೆಳಗಿಳಿಯುತ್ತದೆ. ಎದೆಗೂಡು ಉದ್ದವಾಗಿ, ಕೆಳಪಕ್ಕೆಲುಬುಗಳು ಹೊರಸರಿದು, ಗಾಳಿಯು ಒಳಗೆ ನುಗ್ಗುತ್ತದೆ. ಕೆಳಗಿರುವ ಜಠರಾದಿಗಳು ಒತ್ತಲ್ಪಟ್ಟು ಹೊಟ್ಟೆಯು ಮುಂದಕ್ಕೆ ಉಬ್ಬುತ್ತದೆ. ಹೊಟ್ಟೆಯೊಳಗೇ ಗಾಳಿ ತುಂಬಿತೆಂದು ಹಲವರು ಭಾವಿಸುವುದುಂಟು, ಅದು ತಪ್ಪು. ಹೊರಗುಸಿರಿನಲ್ಲಿ ವಪೆಯು ಸಡಿಲಗೊಂಡು ಮೇಲೇರುತ್ತದೆ. ಸುಮ್ಮನೆ ಕುಳಿತಿರುವಾಗ ಇದಕ್ಕೆ ಯಾವ ಪ್ರಯತ್ನವೂ ಬೇಕಾಗುವುದಿಲ್ಲ.

ವಪೆಗೆ ಇಳಿಯಲು ಎಡೆಯಿಲ್ಲದಂತೆ ನಾವು ಕುಗ್ಗಿ ಕುಳಿತಾಗ, ಅಥವಾ ಸೀರೆಯ ನಿರಿಗೆಯನ್ನೋ ಧೋತರದ ಗಂಟನ್ನೋ ಅತಿಯಾಗಿ ಬಿಗಿದಾಗ, ಕುತ್ತಿಗೆಯ ಸ್ನಾಯುಗಳು ಅದರ ಕೆಲಸವನ್ನು ವಹಿಸಿಕೊಂಡು ಪಕ್ಕೆಲುಬುಗಳನ್ನು ಮೇಲಕ್ಕೆಳೆಯುತ್ತವೆ. ಅವು ಓಟದಲ್ಲಿಯೋ ಆಪತ್ಕಾಲದಲ್ಲಿಯೋ ನೆರವಾಗತಕ್ಕವು, ದಿನವಿಡೀ ದುಡಿಯತಕ್ಕವಲ್ಲ. ಸಂಜೆಯಾಗುತ್ತಲೇ ಹೆಗಲು ಭಾರ, ಕುತ್ತಿಗೆ ಸೆಳೆತ ಎಂದು ಎಣ್ಣೆ ತಿಕ್ಕಿಸಿಕೊಳ್ಳುವವರಲ್ಲಿ ಕೆಲವರಿಗಾದರೂ ನೋವಿನ ಒಂದು ಕಾರಣವು ಇಲ್ಲಿರುತ್ತದೆ.

ಮೇಲುಸಿರಿನಿಂದ ಆಗುವ ನಷ್ಟವನ್ನು ಲೆಕ್ಕದಿಂದಲೇ ತೋರಿಸಬಹುದು. ನಮ್ಮ ಹಳೆಯ ವೃತ್ತಿಯ ಅಭ್ಯಾಸವನ್ನು ವಾಚಕರು ಮನ್ನಿಸಬೇಕು. ಸಾಮಾನ್ಯವಾದ ಒಂದು ಉಸಿರಿಗೆ ಸುಮಾರು ೫೦೦ ಮಿಲಿಲೀಟರು ಗಾಳಿ ಒಳಗೆ ಬರುತ್ತದೆ. ಇದರಲ್ಲಿ ಸುಮಾರು ೧೫೦ ಮೂಗು ಗಂಟಲು ಶ್ವಾಸನಾಳಗಳಲ್ಲಿಯೇ ನಿಂತು, ರಕ್ತಕ್ಕೆ ಉಪಯೋಗವಾಗದೆ ಹಿಂದಿರುಗುತ್ತದೆ. ನಿಮಿಷಕ್ಕೆ ೧೫ ಉಸಿರಾದರೆ ಒಟ್ಟು ೭,೫೦೦. ಅದರಲ್ಲಿ ಪ್ರಯೋಜನಕ್ಕೆ ಬಂದುದು ೫,೨೫೦. ಮತ್ತೊಬ್ಬನು ೨೫೦ರಂತೆ ನಿಮಿಷಕ್ಕೆ ೩೦ ಸಲ ಉಸಿರಾಡಿದನೆನ್ನೋಣ. ಅವನ ಒಟ್ಟೂ ೭,೫೦೦ವೇ. ಆದರೆ ದಾರಿಯಲ್ಲಿ ನಿಂತುದನ್ನು ಕಳೆದರೆ ಉಳಿಯುವುದು ೩,೦೦೦ ಮಾತ್ರ. ದುಡಿಮೆ ಇಮ್ಮಡಿ, ಗಳಿಕೆ ಅರ್ಧಕ್ಕಿಂತ ತುಸು ಹೆಚ್ಚು! ಬಂದ ಗಿರಾಕಿಗಳೆಲ್ಲ ಬಾಗಿಲಿನಿಂದಲೇ ಹಿಂದಿರುಗುವ ಅಂಗಡಿಯ ವ್ಯಾಪಾರದಂತೆ ಇದು.

ನಮ್ಮ ಸೀಮೆಯ ಹಿಂದಿನ ಹೆಂಗಸರು ಈ ಶಾಸ್ತ್ರವನ್ನು ಓದಿರಲಿಲ್ಲ, ಆದರೆ ಆಚರಿಸುತ್ತಿದ್ದರು. ಬೆಳಗಿನ ಜಾವದಲ್ಲಿ ಜೋಳ ಬೀಸುತ್ತ ಹಾಡು ಹೇಳುವುದೆಂದರೆ ಏನು? ಹಾಡುವುದೆಂದರೆ ಉಸಿರನ್ನು ಉದ್ದವಾಗಿ, ಅಳತೆಯಿಂದ ಹೊರಗೆ ಬಿಡುವುದೇ ಸರಿ. ಕಲ್ಲಿನ ಸುತ್ತಿಗೆ ಪದದ ಲಯವು ಹೊಂದಿ, ಸಾಲಿನ ಕೊನೆಯಲ್ಲಿ ಒಳಗುಸಿರು ತಾನಾಗಿಯೇ ಬರುತ್ತಿತ್ತು. ಬಾವಿಯಿಂದ ನೀರೆತ್ತುವಾಗ ಎತ್ತುಗಳನ್ನು ನಡೆಯಿಸುವವನ ಹಾಡಿಗೂ, ಭಾರವಾದ ಬಂಡೆಯನ್ನು ಸರಿಸುವ ಕೂಲಿಗಳು ಒಂದೇ ಕಂಠದಿಂದ ಕೂಗುವ ಕೂಗಿಗೂ ಇದೇ ಗುಣ. ಹಿಟ್ಟಿನ ಗಿರಣಿ ಬಂದುದು ಒಳ್ಳೆಯದೇ ಆಯಿತು. ಆ ಶ್ರಮವನ್ನು ಮರಳಿ ತರಬೇಕೆಂದು ಯಾವ ಹೆಂಗಸೂ ಕೇಳಲಾರಳು. ಆದರೆ ಕಲ್ಲಿನೊಡನೆ ಹಾಡೂ ಮೂಲೆ ಸೇರಿತು.

ಶ್ಲೋಕಪಠನದಲ್ಲಿಯೂ ಹೀಗೆಯೇ. ಶಾರ್ದೂಲವಿಕ್ರೀಡಿತದ ಒಂದು ಪಾದಕ್ಕೆ ೧೯ ಅಕ್ಷರ; ೧೨ನೆಯದರಲ್ಲಿ ಯತಿ. ಸ್ರಗ್ಧರೆಯ ೨೧ ಅಕ್ಷರಗಳಿಗೆ ಏಳೇಳಕ್ಕೊಂದು ನಿಲುಗಡೆ. ಹುಡುಗರು ಯತಿಯನ್ನು ಲೆಕ್ಕಿಸದೆ ಓಡಿದಾಗ ಪಾದದ ಕೊನೆಯಲ್ಲಿ ಕಂಠವು ಬಿಗಿದು ಮುಖವು ಕೆಂಪಾಗುವುದನ್ನು ನಾವು ಎಷ್ಟೋ ವರ್ಷ ನೋಡಿದ್ದೇವೆ. ನಮ್ಮ ಕನ್ನಡ ಕವಿಗಳು ಯತಿಯನ್ನು ಮೀರುವುದರಲ್ಲಿಯೇ ಸೊಗಸನ್ನು ಕಂಡವರು. ಓದುವವನ ಎದೆಯು ಗಟ್ಟಿಯಾಗಿರುವುದೆಂದು ಅವರು ನಂಬಿದ್ದರೋ ಏನೋ!

ಉಸಿರನ್ನೂ ಅಂಗಚಲನೆಯನ್ನೂ ಕೂಡಿಸಿ ಕ್ರಮವಾಗಿ ಬೋಧಿಸಿದವರಲ್ಲಿ ಕನ್ನಡನಾಡಿನವರೇ ಅಗ್ರಗಣ್ಯರು. ೧೮೮೮ರಲ್ಲಿ ಚಿತ್ರದುರ್ಗದ ಸೀಮೆಯಲ್ಲಿ ಜನಿಸಿದ ತಿರುಮಲೆ ಕೃಷ್ಣಮಾಚಾರ್ಯರು ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆಯನ್ನು ನಡೆಯಿಸಿದರು. ೧೯೩೪ರಲ್ಲಿ ಅವರ ‘ಯೋಗಮಕರಂದ’ವು ಕನ್ನಡದಲ್ಲಿಯೇ ಹೊರಬಂದಿತು. ತೋಳನ್ನೆತ್ತುವಾಗ ಒಳಗುಸಿರು, ಮುಂದಕ್ಕೆ ಬಾಗುವಾಗ ಹೊರಗುಸಿರು, ಹೀಗೆ ಒಂದೊಂದು ಚಲನೆಗೂ ಒಂದೊಂದು ಉಸಿರನ್ನು ಅವರು ಜೋಡಿಸಿದರು. ಅವರ ಶಿಷ್ಯರೂ ಬಂಧುಗಳೂ ಆದ ಕೋಲಾರ ಜಿಲ್ಲೆಯ ಬೆಳ್ಳೂರಿನ ಬಿ. ಕೆ. ಎಸ್. ಅಯ್ಯಂಗಾರರು ಬಾಲ್ಯದಲ್ಲಿ ವಿಷಮಜ್ವರ, ಕ್ಷಯ ಮುಂತಾದ ರೋಗಗಳಿಂದ ಬಳಲಿದ ದುರ್ಬಲದೇಹಿಗಳು. ೧೯೩೭ರಲ್ಲಿ ಪುಣೆಗೆ ಹೋಗಿ ಬೋಧನೆಗೆ ತೊಡಗಿದ ಅವರು ಜಗದ್ವಿಖ್ಯಾತರಾಗಿ, ೨೦೧೪ರಲ್ಲಿ ತೊಂಬತ್ತೈದು ವರ್ಷ ತುಂಬಿದವರಾಗಿ ದೇಹವನ್ನು ಬಿಟ್ಟರು. ಆಸನವು ಸ್ಥಿರವಾದ ಮೇಲೆಯೇ ಪ್ರಾಣಾಯಾಮವೆಂಬ ಪತಂಜಲಿಯ ಕ್ರಮವನ್ನು ಅವರು ಬಿಡಲಿಲ್ಲ. ಪುಸ್ತಕವನ್ನು ನೋಡಿ ಮೊದಲ ದಿನವೇ ಮೂಗು ಹಿಡಿದು ಕುಂಭಕಕ್ಕೆ ಕೂರುವವರು ಇದನ್ನು ಗಮನಿಸಬೇಕು. ನಾವು ಇಲ್ಲಿ ಹೇಳುವುದು ಪ್ರಾಣಾಯಾಮವಲ್ಲ. ಅದಕ್ಕಿಂತ ಬಹಳ ಕೆಳಗಿನ ಮೆಟ್ಟಿಲು.

ಚಾಪೆಯ ಮೇಲೆ ಅಂಗಾತ ಮಲಗಿ ಮೊಳಕಾಲುಗಳನ್ನು ಮಡಿಸಿ ಪಾದಗಳನ್ನು ನೆಲಕ್ಕೆ ಊರಬೇಕು. ಒಂದು ಕೈ ಎದೆಯ ಮೇಲೆ, ಇನ್ನೊಂದು ಹೊಕ್ಕುಳಿನ ಮೇಲೆ. ಬಾಯಿ ಮುಚ್ಚಿರಲಿ, ಗಾಳಿಯನ್ನು ಸೋಸಿ, ಬೆಚ್ಚಗೆ ಮಾಡಿ, ತೇವವನ್ನು ಕೊಡುವುದು ಮೂಗಿನ ಕೆಲಸ, ಬೇಸಗೆಯ ಧೂಳಿನಲ್ಲಿ ನಮ್ಮವರಿಗೆ ಇದು ಅತ್ಯಗತ್ಯ. ಮೂರೆಣಿಸುವಷ್ಟು ಒಳಗುಸಿರು, ಐದೆಣಿಸುವಷ್ಟು ಹೊರಗುಸಿರು. ಕೆಳಗಿನ ಕೈ ಏರಬೇಕು, ಮೇಲಿನ ಕೈ ಬಹುಮಟ್ಟಿಗೆ ಸುಮ್ಮನಿರಬೇಕು. ಮಕ್ಕಳಿಗಾದರೆ ಹೊಟ್ಟೆಯ ಮೇಲೆ ಒಂದು ಪಂಚಾಂಗವನ್ನಿಟ್ಟು ಅದು ದೋಣಿಯಂತೆ ತೇಲುವುದನ್ನು ನೋಡೆಂದರೆ ಕ್ಷಣದಲ್ಲಿ ಕಲಿತುಬಿಡುತ್ತಾರೆ, ದೊಡ್ಡವರಿಗೇ ಕಷ್ಟ. ಹೊಟ್ಟೆಯನ್ನು ಬಲಾತ್ಕಾರದಿಂದ ಉಬ್ಬಿಸಬಾರದು. ತಲೆ ತಿರುಗಿದರೆ ಅಥವಾ ಬೆರಳು ಜುಮ್ಮೆಂದರೆ ಅತಿಯಾಗಿ ಗಾಳಿಯನ್ನು ಎಳೆದುಕೊಂಡು ರಕ್ತದ ಇಂಗಾಲಾಮ್ಲವು ಕಡಮೆಯಾಯಿತೆಂದು ತಿಳಿದು, ನಿಲ್ಲಿಸಿ ಸಹಜವಾಗಿ ಉಸಿರಾಡಬೇಕು. ಬೆಳಗ್ಗೆ ಐದು ನಿಮಿಷ, ಮಲಗುವಾಗ ಐದು ನಿಮಿಷ ಸಾಕು.

ಇದು ಕೈಗೂಡಿದ ಮೇಲೆ ಕುಳಿತು, ಅನಂತರ ನಡೆಯುತ್ತ ಅಭ್ಯಾಸ ಮಾಡಬಹುದು: ಮೂರು ಹೆಜ್ಜೆಗೆ ಒಳಗುಸಿರು, ನಾಲ್ಕು ಹೆಜ್ಜೆಗೆ ಹೊರಗುಸಿರು. ತೊಗರಿಯ ಚೀಲವನ್ನೋ ತುಂಬಿದ ಕೊಡವನ್ನೋ ಎತ್ತುವಾಗ ಉಸಿರು ಬಿಗಿಹಿಡಿದು ತಿಣುಕುವುದು ನಮ್ಮಲ್ಲಿ ಸಾಮಾನ್ಯ. ಇದರಿಂದ ರಕ್ತದ ಒತ್ತಡವು ಒಮ್ಮೆಲೇ ಏರುವುದರಿಂದ ವಯಸ್ಸಾದವರಿಗೆ ಅಪಾಯವುಂಟು. ಮೊಳಕಾಲು ಬಾಗಿಸಿ, ಹೊರೆಯನ್ನು ಮೈಗೆ ಹತ್ತಿರ ಹಿಡಿದು, ಏಳುವಾಗ ಹೊರಗುಸಿರನ್ನು ಬಿಡುತ್ತ ಏಳಬೇಕು.

ಇನ್ನು ಗೃಹಸ್ಥರು ಬಹಳ ಎಚ್ಚರಿಕೆಯಿಂದ ಓದಬೇಕಾದ ಭಾಗ. ಮನೆಯ ಸೊಸೆಯು ನಾಲ್ಕು ಮೆಟ್ಟಿಲು ಹತ್ತಿ ಏದುಸಿರು ಬಿಟ್ಟರೆ ಅವಳಿಗೆ ಸೋಮಾರಿಯೆಂದು ಹೆಸರಿಡುವ ಮನೆಗಳನ್ನು ನಾವು ಬಲ್ಲೆವು. ನಮ್ಮ ದೇಶದ ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ರಕ್ತಹೀನತೆಯಿರುವುದೆಂದು ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯು ಕಂಡುಕೊಂಡಿತು. ರಕ್ತದಲ್ಲಿ ಪ್ರಾಣವಾಯುವನ್ನು ಹೊರುವ ಪದಾರ್ಥವೇ ಕಡಮೆಯಾದಾಗ ಎಂತಹ ಉಸಿರಾಟದ ಕ್ರಮದಿಂದಲೂ ಆ ಕೊರತೆಯು ತುಂಬದು. ಅವಳಿಗೆ ಬೇಕಾದುದು ರಕ್ತಪರೀಕ್ಷೆ, ಕಬ್ಬಿಣಾಂಶದ ಗುಳಿಗೆ, ಹೊಟ್ಟೆತುಂಬ ಅನ್ನ, ಉಪದೇಶವಲ್ಲ. ಕುಳಿತಲ್ಲಿಯೇ ಉಸಿರು ಸಾಲದಿರುವುದು, ಎದೆನೋವು, ಪಾದಗಳ ಬಾವು, ಎರಡು ವಾರಕ್ಕೆ ಮೀರಿದ ಕೆಮ್ಮು, ಕಫದಲ್ಲಿ ರಕ್ತ, ಇವುಗಳಲ್ಲಿ ಯಾವುದೊಂದು ಕಂಡರೂ ಈ ಲೇಖನವನ್ನು ಬದಿಗಿಟ್ಟು ವೈದ್ಯರಲ್ಲಿಗೆ ಹೋಗತಕ್ಕದ್ದು. ಗರ್ಭಿಣಿಯರೂ, ಹೃದ್ರೋಗ ಮತ್ತು ರಕ್ತದೊತ್ತಡವುಳ್ಳವರೂ ಉಸಿರನ್ನು ಕಟ್ಟುವ ಯಾವ ಅಭ್ಯಾಸವನ್ನೂ ಸ್ವಂತ ಬುದ್ಧಿಯಿಂದ ಮಾಡಲಾಗದು.

ಒಲೆಯ ಹೊಗೆಯಲ್ಲಿ ಹರೆಯವನ್ನು ಕಳೆದ ಅಜ್ಜಿಯರಿಗೂ, ಬೀಡಿಯನ್ನು ಬಿಡಲಾರದೆ ಮುದುಕರಾದವರಿಗೂ ಶ್ವಾಸನಾಳಗಳು ಕಿರಿದಾಗಿ, ಗಾಳಿಯು ಒಳಗೆ ಸಿಕ್ಕಿಕೊಂಡು ಹೊರಬರುವುದೇ ಪ್ರಯಾಸವಾಗುತ್ತದೆ. ಇಂತಹವರಿಗೆ ವೈದ್ಯರ ಔಷಧದ ಜೊತೆಗೆ ಒಂದು ಸಣ್ಣ ಉಪಾಯವು ಹಿತಕರ: ಮೂಗಿನಿಂದ ಒಳಗುಸಿರನ್ನು ತೆಗೆದುಕೊಂಡು, ದೀಪವು ಆರದಂತೆ ಕುಡಿಯನ್ನು ಅಲುಗಿಸುವಷ್ಟೇ ಮೆಲ್ಲಗೆ, ತುಟಿಗಳನ್ನು ಕಿರಿದು ಮಾಡಿ ಊದುವುದು. ನಾಳಗಳು ಬೇಗನೆ ಮುಚ್ಚಿಕೊಳ್ಳದೆ ಗಾಳಿಯು ಹೊರಬರುತ್ತದೆ. ಮನೆಯಲ್ಲಿ ಅಂತಹ ಹಿರಿಯರಿದ್ದರೆ ಸಂಜೆ ಅವರೊಡನೆ ಕುಳಿತು, ಬೆರಳಿನ ಮೇಲೆ ಎಣಿಸುತ್ತ ಹತ್ತು ಸಲ ಊದಿಸಬಹುದು. ಎಣಿಸುವ ಕೆಲಸವನ್ನು ಮೊಮ್ಮಕ್ಕಳಿಗೆ ಕೊಟ್ಟರೆ ಅವರು ಒಂದನ್ನೂ ಬಿಡದೆ ಎಣಿಸುತ್ತಾರೆ.